ಇಡ್ಲಾ ಹಂಗಾರೆ?

ಫೋನಿನಲ್ಲಿ ಮಾತು ಶುರುಮಾಡಲು ಕನ್ನಡಕ್ಕೆ ಸ್ವಂತದ್ದೊಂದು ಪದ ಹುಟ್ಟಲಿಲ್ಲ. ಎಲ್ಲಿಂದಲೋ ಬಂದ ‘ಹಲೋ’ವನ್ನೇ ಒಳಗೆ ಕರೆದು ಕೂರಿಸಿಕೊಂಡೆವು. ಮುಗಿಸುವುದಕ್ಕೆ ಮಾತ್ರ ಯಾರ ಹಂಗೂ ಬೇಕಾಗಲಿಲ್ಲ. ‘ಇಡ್ತೀನಿ’ ಎನ್ನುತ್ತೇವೆ. ಇಂಗ್ಲಿಷಿನವರು ಫೋನನ್ನು ಗೋಡೆಯ ಕೊಕ್ಕೆಗೆ ನೇತುಹಾಕುತ್ತಾರೆ, ನಾವು ಇಡುತ್ತೇವೆ. ಇಡುವುದರಲ್ಲಿ ಒಂದು ಮರ್ಯಾದೆ ಇದೆ. ತುಂಬಿದ ಕೊಡ ಇಡುತ್ತೇವೆ, ದೇವರ ಮುಂದೆ ಹೂವು ಇಡುತ್ತೇವೆ, ಮಗುವಿಗೆ ಹೆಸರು ಇಡುತ್ತೇವೆ. ಹಾಗೆಯೇ ಮಾತು ಮುಗಿದ ಮೇಲೆ ಫೋನು ಇಡುತ್ತೇವೆ.

ಇಡುತ್ತಿದ್ದೆವು ಎನ್ನಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದ ಮೊದಲ ಫೋನು ಕರ್ರಗೆ, ಒಳ್ಳೆ ಎಮ್ಮೆಕರುವಿನ ಹಾಗೆ ಇತ್ತು. ಅಮ್ಮ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದೆಸಿದ್ದಳು. ರಿಸೀವರನ್ನು ಅದರ ತೊಟ್ಟಿಲಲ್ಲಿ ಇಟ್ಟರೆ ‘ಟಿಣ್’ ಎಂದು ಸಣ್ಣಗೆ ಒಂದು ಸದ್ದಾಗುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತು ಅಂತ ಲೆಕ್ಕ. ಸಿಟ್ಟು ಬಂದವರು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದರು. ‘ಮಾತು ಮುಗಿಯೋದರೊಳಗೇ ಫೋನ್ ಕುಕ್ಕಿದ ನೋಡು’ ಎಂದರೆ ಎರಡು ಮನೆಗಳ ನಡುವೆ ಆರು ತಿಂಗಳು ಹೋಗುಬರುವಿಕೆ ಇಲ್ಲ ಎಂದೇ ಅರ್ಥ.

ಈಗ ನಾವೆಲ್ಲ ‘ಇಡ್ತೀನಿ’ ಅನ್ನುತ್ತೇವೆ, ಇಡುವುದಿಲ್ಲ. ಗಾಜಿನ ಮೇಲಿನ ಕೆಂಪು ಬೊಟ್ಟು ಮುಟ್ಟುತ್ತೇವೆ. ಫೋನು ಕೈಯಲ್ಲೇ ಇರುತ್ತದೆ. ಅದೇ ಕೈ, ಅದೇ ಬೆರಳು ಪಕ್ಕದ ಇನ್ನೊಂದು ಬೊಟ್ಟಿಗೆ ಜಾರಿ ಮುಂದಿನ ಅರ್ಧ ಗಂಟೆ ಯಾರದೋ ಮನೆಯ ಬೆಕ್ಕು ಅಟ್ಟದಿಂದ ಬೀಳುವುದನ್ನು ನೋಡುತ್ತದೆ. ನಾನೂ ಹತ್ತು ವರ್ಷ ಹೀಗೆ ಇಡದೆಯೇ ಇಡ್ತೀನಿ ಅಂದವನು. ಆ ಸುಳ್ಳಿನ ಫಲವನ್ನು ಒಂದು ಭಾನುವಾರ ಸಂಜೆ ಅನುಭವಿಸಿದೆ.

ಅವತ್ತು ತುಮಕೂರಿನಿಂದ ಬೀಗರು ಫೋನ್ ಮಾಡಿದ್ದರು. ಮಗಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆಯ ಜನ, ಮಾತು ಸ್ವಲ್ಪ ಜಾಸ್ತಿ. ಅವರ ಮಾತು ತೆಂಗಿನ ಬೆಲೆಯಿಂದ ಹೊರಟು, ಸಿದ್ಧಗಂಗೆಯ ಜಾತ್ರೆಗೆ ಬಂದು, ತಮ್ಮ ಮೊಣಕಾಲಿನ ಎಕ್ಸ್‌ರೇ ವಿವರ ಮುಗಿಸಿಕೊಂಡು ಮತ್ತೆ ತೆಂಗಿಗೆ ಬರುವ ಹೊತ್ತಿಗೆ ಐವತ್ತು ನಿಮಿಷವಾಗಿತ್ತು. ‘ಸರಿ ಬೀಗರೇ, ಇಡ್ತೀನಿ’ ಎಂದೆ. ‘ಆಗಲಿ ಆಗಲಿ’ ಎಂದರು. ಕೆಂಪು ಬೊಟ್ಟು ಮುಟ್ಟಿದೆ, ಅಥವಾ ಮುಟ್ಟಿದೆ ಅಂದುಕೊಂಡೆ. ಫೋನನ್ನು ಟೀಪಾಯಿ ಮೇಲೆ ಹಾಕಿ, ಅಡುಗೆಮನೆಯ ಕಡೆ ತಿರುಗಿ, ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ: ‘ಹೆಸರಿಗೆ ಬೀಗರು ಕಣೇ, ಬಾಯಿಗೆ ಮಾತ್ರ ಬೀಗ ಇಲ್ಲ!’

ಶ್ಲೇಷೆ ಚೆನ್ನಾಗಿ ಬಂತೆಂದು ನಾನೇ ನಕ್ಕೆ. ಹೆಂಡತಿಯೂ ನಕ್ಕಳು. ಟೀಪಾಯಿ ಮೇಲಿನಿಂದ ಮೂರನೆಯ ನಗು ಕೇಳಿಸಿತು.

‘ಬೀಗರೇ, ನಾನಿನ್ನೂ ಲೈನಲ್ಲೇ ಇದೀನಿ.’

ಅವರು ದೊಡ್ಡ ಮನಸ್ಸಿನವರು. ಅದನ್ನೊಂದು ಜೋಕು ಅಂತಲೇ ತೆಗೆದುಕೊಂಡರು. ಆದರೆ ಆ ಜೋಕನ್ನು ಅವರು ಯಾರು ಯಾರಿಗೆ ಹೇಳಿದ್ದಾರೆ ಎಂಬುದು ಆಮೇಲೆ ಹೋದ ಪ್ರತಿಯೊಂದು ಗೃಹಪ್ರವೇಶ, ನಾಮಕರಣದಲ್ಲೂ ನನಗೆ ಗೊತ್ತಾಗುತ್ತಾ ಬಂತು. ಊಟದ ಪಂಕ್ತಿಯಲ್ಲಿ ಗುರುತಿಲ್ಲದವರೊಬ್ಬರು ಪಕ್ಕಕ್ಕೆ ವಾಲಿ ‘ಬೀಗದ ಮಾತು ಹೇಳಿದ್ದು ತಾವೇ ಅಲ್ವೇ?’ ಅಂದಾಗ ತೀರ್ಮಾನಿಸಿಬಿಟ್ಟೆ. ಬೀಗರ ಬಾಯಿಗಲ್ಲ, ಬೀಗ ಬೇಕಾಗಿರುವುದು ನನ್ನ ಫೋನಿಗೆ. ಮುಚ್ಚಿದರೆ ಮುಚ್ಚಿಕೊಳ್ಳುವ, ಮುಚ್ಚಿದೆ ಎಂದು ಕಣ್ಣಿಗೆ ಕಾಣುವ ಫೋನು ಬೇಕು.

ಮರುದಿನವೇ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ‘ಮಡಚೋ ಫೋನ್ ಇದೆಯಾ?’ ಎಂದು ಕೇಳಿದ ಕೂಡಲೇ ಅಂಗಡಿಯ ಹುಡುಗನ ಮುಖ ಅರಳಿತು. ಗಾಜಿನ ಪೆಟ್ಟಿಗೆಯೊಳಗಿನಿಂದ ಒಂದನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಬೆಲೆ ಒಂದು ಲಕ್ಷಕ್ಕೆ ಮಿಕ್ಕಿತ್ತು. ‘ಇದಲ್ಲಪ್ಪ, ಬಟನ್ ಇರೋದು, ಹಳೇ ಥರದ್ದು’ ಎಂದೆ. ಮುಖ ಬಾಡಿತು. ‘ಅಜ್ಜಿಗಾ ಸಾರ್?’ ಎಂದ. ‘ಇಲ್ಲ, ನನಗೆ.’ ಅವನು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಕೆಳಗಿನ ಖಾನೆಯಿಂದ ಧೂಳು ಹಿಡಿದ ಡಬ್ಬವೊಂದನ್ನು ಎಳೆದ. ಈ ಜಾತಿ ಪೂರ್ತಿ ಅಳಿದಿಲ್ಲ. 2022ರಲ್ಲಿ ನೋಕಿಯಾ ಹೆಸರಿನಲ್ಲಿ 2660 ಫ್ಲಿಪ್ ಎಂಬುದು ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ ₹4,699. ಬೆರಳಿಗೆ ಸಿಗುವ ದಪ್ಪ ಗುಂಡಿಗಳು, 4ಜಿ ಸಿಮ್ಮು, ಬಿಚ್ಚಿ ಬದಲಾಯಿಸಬಹುದಾದ ಬ್ಯಾಟರಿ, ಮುಚ್ಚಳದ ಹೊರಮೈಯಲ್ಲಿ ಗಂಟೆ ತೋರಿಸುವ ಪುಟ್ಟ ಕಿಟಕಿ. ಅದೇ ಬಗೆಯದೊಂದನ್ನು ಕೊಂಡೆ. ದುಡ್ಡು ಎಣಿಸಿಕೊಳ್ಳುತ್ತಾ ಹುಡುಗ, ‘ಇದ್ರಲ್ಲಿ ವಾಟ್ಸಾಪ್ ಬರಲ್ಲ ಸಾರ್, ಆಮೇಲೆ ವಾಪಸ್ ತರಬೇಡಿ’ ಎಂದು ಎಚ್ಚರಿಸಿದ. ಅವನು ದೋಷವೆಂದು ಹೇಳಿದ್ದನ್ನು ನಾನು ಗುಣವೆಂದು ಕೇಳಿಸಿಕೊಂಡೆ.

ಮಡಚುವ ಫೋನಿನ ವಂಶಾವಳಿ ನಾವು ಅಂದುಕೊಂಡಷ್ಟು ಚಿಕ್ಕದಲ್ಲ. ತಂತಿಯ ಫೋನಿನ ಕಾಲದಲ್ಲೇ, 1965ರ ಹೊತ್ತಿಗೆ, ಇಟಲಿಯಲ್ಲಿ ಮಾರ್ಕೊ ಝನೂಸೊ ಮತ್ತು ರಿಚರ್ಡ್ ಸ್ಯಾಪರ್ ಎಂಬ ಇಬ್ಬರು ವಿನ್ಯಾಸಕಾರರು ಅಂಗೈಯಗಲದ ಮಡಚುವ ಫೋನೊಂದನ್ನು ರೂಪಿಸಿದ್ದರು. ಎತ್ತಿಕೊಂಡರೆ ಮುಚ್ಚಳ ತಾನಾಗಿ ಬಾಯಿಯ ಕಡೆಗೆ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಗ್ರಿಲ್ಲೊ’. ನಮ್ಮ ಮಲೆನಾಡಿನ ರಾತ್ರಿಗಳಲ್ಲಿ ಕಿರ್ರೆನ್ನುತ್ತದಲ್ಲ, ಆ ಚಿಮ್ಮಂಡೆ ಹುಳುವಿನ ಇಟಾಲಿಯನ್ ಹೆಸರು. ಮರುವರ್ಷ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಆಕಾಶನೌಕೆಯ ನಾಯಕ ಮುಚ್ಚಳ ಚಿಮ್ಮಿಸಿ ಮಾತಾಡಿದ. ಕೈಯಲ್ಲಿ ಹಿಡಿದು ಓಡಾಡುವ ಫೋನಿನಿಂದ ಮೊಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊದಲ ಕರೆ ಮಾಡಿದ್ದು 1973ರಲ್ಲಿ. ಆ ಫೋನು ಒಂದು ಕಿಲೋಗೂ ಹೆಚ್ಚು ತೂಗುತ್ತಿತ್ತು. ಮಾತಾಡಿದವನು ಇಡ್ತೀನಿ ಅನ್ನದೆ ಗತಿಯಿರಲಿಲ್ಲ, ತೋಳು ನೋಯುತ್ತಿತ್ತು. ಅದೇ ಕಂಪನಿ 1989ರಲ್ಲಿ ಗುಂಡಿಗಳ ಮೇಲೆ ಪುಟ್ಟ ಮುಚ್ಚಳವಿರುವ ಫೋನು ತಂದಿತು. 1996ರಲ್ಲಿ ಅದರ ಸ್ಟಾರ್‌ಟ್ಯಾಕ್ ಬಂದಾಗ ಫೋನು ಚಿಪ್ಪಿನ ಹಾಗೆ ನಡುವಿಗೇ ಮಡಚಿಕೊಂಡಿತು. ತೂಕ 88 ಗ್ರಾಂ. ಹೆಚ್ಚುಕಮ್ಮಿ ಎರಡು ನಿಂಬೆಹಣ್ಣು.

ನಮ್ಮ ದೇಶದಲ್ಲಿ ಮೊಬೈಲು ಬಾಯಿ ಬಿಟ್ಟದ್ದೇ 1995ರ ಜುಲೈ 31ರಂದು, ಕಲ್ಕತ್ತೆಯಲ್ಲಿದ್ದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸುಖ್ ರಾಮ್ ಅವರಿಗೆ ಕರೆ ಮಾಡಿದಾಗ. ಬರುವ ಕರೆಗೂ ದುಡ್ಡು ಕೊಡಬೇಕಾಗಿದ್ದ ಕಾಲ ಅದು. 2003ರ ಮೇ ತಿಂಗಳಲ್ಲಿ ಆ ಕರ ಹೋಗುವವರೆಗೆ ಫೋನು ಹೊಡೆದುಕೊಂಡರೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು. ಆಮೇಲೆ ನಮ್ಮ ಬ್ಯಾಂಕಿನ ಶಾಖೆಗೆ ಬಂದ ಮ್ಯಾನೇಜರೊಬ್ಬರ ಹತ್ತಿರ ಮೊಟೊರೋಲಾ ರೇಜರ್ ಇತ್ತು. 2004ರಲ್ಲಿ ಬಂದ ಮಾದರಿ, ಮಡಚಿದರೂ 14 ಮಿಲಿಮೀಟರ್ ದಪ್ಪವಿಲ್ಲ. ಅದನ್ನವರು ಹೆಬ್ಬೆರಳಲ್ಲಿ ಚಿಮ್ಮಿಸಿ ತೆರೆಯುವಾಗ ನಾವು ಲೆಡ್ಜರ್ ಬಿಟ್ಟು ನೋಡುತ್ತಿದ್ದೆವು. ‘ಯೆಸ್’ ಎನ್ನುವರು, ‘ಡನ್’ ಎನ್ನುವರು, ಟಪ್ಪೆಂದು ಮುಚ್ಚುವರು. ಆ ಟಪ್ಪಿನಲ್ಲಿ ಇನ್ನು ಮೇಲ್ಮನವಿ ಇಲ್ಲ ಎಂಬ ತೀರ್ಪಿತ್ತು. ಸಾಲದ ಅರ್ಜಿ ಹಿಡಿದು ಎದುರು ಕೂತ ರೈತರು ಬಾಗಿಲಲ್ಲಲ್ಲ, ಆ ಮುಚ್ಚಳದಲ್ಲೇ ಕಣ್ಣು ನೆಟ್ಟಿರುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ನನ್ನ ಕೈಗೂ ಒಂದು ಟಪ್ಪು ಬಂತು. ಆದರೆ ತೀರ್ಪು ಕೊಡಲು ಕಚೇರಿಯಿಲ್ಲ, ನಿವೃತ್ತಿಯಾಗಿತ್ತು.

ಆ ಟಪ್ಪಿನೊಳಗೆ ಏನಿದೆ ಎಂದು ರಿಪೇರಿಯ ಹುಡುಗನೊಬ್ಬನಿಂದ ಬಿಚ್ಚಿಸಿ ತಿಳಿದುಕೊಂಡಿದ್ದೇನೆ. ಮುಚ್ಚಳದ ಅಂಚಿನಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಅಯಸ್ಕಾಂತ. ಅದಕ್ಕೆ ಎದುರಾಗಿ, ಗುಂಡಿಗಳ ಕೆಳಗೆ, ಅಯಸ್ಕಾಂತ ಹತ್ತಿರ ಬಂತೆಂದರೆ ಗುರುತಿಸುವ ಒಂದು ಕಾಳು. ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ 1879ರಲ್ಲಿ ತೆಳ್ಳನೆಯ ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ, ಪಕ್ಕದಲ್ಲಿ ಅಯಸ್ಕಾಂತವಿಟ್ಟು ಕಂಡುಕೊಂಡ ಸಂಗತಿಯೇ ಇದರ ಬುಡ. ಎರಡೂ ಎದುರುಬದುರಾದವೋ, ಕರೆ ಕಡಿಯುತ್ತದೆ. ನಡುವೆ ಕೀಲು. ಕೀಲಿನ ಸಂದಿಯಲ್ಲಿ ಮೇಲಕ್ಕೂ ಕೆಳಕ್ಕೂ ಸುದ್ದಿ ಒಯ್ಯುವ ರಿಬ್ಬನ್ನಿನಂಥ ತೆಳು ಪಟ್ಟಿ. ‘ಈ ಪಟ್ಟಿ ಕಟ್ಟಾದ್ರೆ ಸೆಟ್ ಸತ್ತಂಗೆ ಸಾರ್, ಸುಮ್ಸುಮ್ನೆ ತೆಗೆದು ಮುಚ್ಚಬೇಡಿ’ ಎಂದು ಹುಡುಗ ಉಪದೇಶ ಮಾಡಿದ. ಮಾಡುತ್ತಲೇ ಅವನೇ ಆರು ಸಲ ತೆಗೆದು ಮುಚ್ಚಿದ.

ಅವನ ತಪ್ಪಲ್ಲ. ಮಡಚುವ ವಸ್ತು ಕೈಗೆ ಸಿಕ್ಕರೆ ಯಾರೂ ಸುಮ್ಮನಿರಲಾರರು. ಬೆಳಗಿನ ಹೊತ್ತು ಲಾಲ್‌ಬಾಗಿನಲ್ಲಿ ನಮ್ಮದೊಂದು ನಿವೃತ್ತರ ಬೆಂಚಿದೆ. ಹೊಸ ಫೋನನ್ನು ಅಲ್ಲಿ ತೋರಿಸಿದ ದಿನ ಒಬ್ಬೊಬ್ಬರೂ ಮೊದಲು ನಕ್ಕರು, ಆಮೇಲೆ ‘ಕೊಡಿ ಇಲ್ಲಿ’ ಎಂದರು, ಆಮೇಲೆ ಮಾತು ನಿಲ್ಲಿಸಿ ತೆಗೆಯುವುದು ಮುಚ್ಚುವುದು, ತೆಗೆಯುವುದು ಮುಚ್ಚುವುದು. ನಮ್ಮ ತಲೆಮಾರಿನವರ ಕೈಗಳಿಗೆ ಈ ಚಲನೆ ಹುಟ್ಟಿನಿಂದ ಗೊತ್ತು. ಅಜ್ಜಿಯ ಎಲೆಅಡಿಕೆ ಸಂಚಿಗೆ ಮಡಿಕೆಯೊಳಗೆ ಮಡಿಕೆ. ಅಜ್ಜನ ಸುಣ್ಣದ ಡಬ್ಬಿಗೆ ಕಿರುಬೆರಳ ಉಗುರಿಗೆ ಸಿಗುವ ಮುಚ್ಚಳ. ಮಡಚುವ ಚಾಕು, ಮಡಚುವ ಕೊಡೆ, ಕನ್ನಡಕದ ಡಬ್ಬಿ. ಇನ್ನೂ ಹಿಂದೆ ಹೋದರೆ ಕಡತ. ಈಗ ಕಡತವೆಂದರೆ ಸರ್ಕಾರಿ ಮೇಜಿನಿಂದ ಮೇಜಿಗೆ ತೆವಳುವ ಫೈಲು. ಮೊದಲು ಅದು ನಿಜವಾಗಿಯೂ ಮಡಚುವ ಪುಸ್ತಕವಾಗಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಶೃಂಗೇರಿ ಮಠದ ಲೆಕ್ಕಪತ್ರಗಳು ಅಂಥ ಕಡತಗಳಲ್ಲಿ ಉಳಿದು ಬಂದಿವೆ. ಕಪ್ಪು ಹಲಗೆ, ಬಿಳಿ ಅಕ್ಷರ, ಮುಗಿದ ಮೇಲೆ ಮಡಚಿ ಒಳಗೆ. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಆಯುಷ್ಯ ಕಳೆದ ನನಗೆ ಆ ಕಡತಗಳ ಮೇಲೆ ಒಂದು ಬಗೆಯ ದಾಯಾದಿ ಪ್ರೀತಿ.

ಕನ್ನಡದಲ್ಲಿ ಮಡಿಕೆಗೂ ‘ಮಡಿ’ಯೇ, ಮುಟ್ಟಬಾರದ ಶುಚಿಗೂ ‘ಮಡಿ’ಯೇ. ನನ್ನ ಫೋನು ಎರಡೂ ಅರ್ಥದಲ್ಲಿ ಮಡಿ. ಮುಚ್ಚಿದ ಮೇಲೆ ಅದರ ಗಾಜನ್ನು ಜೇಬಿನ ಚಿಲ್ಲರೆ ಮುಟ್ಟುವುದಿಲ್ಲ, ಬೀಗದಕೈ ಮುಟ್ಟುವುದಿಲ್ಲ, ಗುಂಡಿಯನ್ನು ನನ್ನ ತೊಡೆ ಒತ್ತುವುದಿಲ್ಲ. ಹಳೆಯ ಫೋನು ಜೇಬಿನೊಳಗಿದ್ದುಕೊಂಡೇ ತನ್ನಷ್ಟಕ್ಕೆ ಜಗತ್ತಿಗೆಲ್ಲ ಕರೆ ಮಾಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಹಾಲಿನವನು ವಾಪಸ್ ಫೋನ್ ಮಾಡಿ ‘ಏನ್ ಸಾರ್ ಅರ್ಜೆಂಟು?’ ಎಂದು ಕೇಳಿದ್ದುಂಟು. ಇನ್ನೊಂದು ಲಾಭ ಬಗ್ಗುವವರಿಗೆ. ಮಾರುದ್ದದ ಸ್ಮಾರ್ಟ್ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಹಿರಿಯರ ಕಾಲಿಗೆ ಬಗ್ಗಿದರೆ ನನಗಿಂತ ಮೊದಲು ಅದು ಸಾಷ್ಟಾಂಗ ಹಾಕುತ್ತಿತ್ತು. ಎರಡು ಮದುವೆ, ಒಂದು ಉಪನಯನ ಹೀಗೆ ಗಾಜು ಒಡೆದುಕೊಂಡು ಹೋದವು. ಮಡಚಿದ ಫೋನು ಜೇಬಿನ ತಳದಲ್ಲಿ ನಿಂಬೆಹಣ್ಣಿನಂತೆ ಕೂತಿರುತ್ತದೆ. ಆಶೀರ್ವಾದ ಪೂರ್ತಿಯಾಗಿ ನನಗೇ ಸಿಗುತ್ತದೆ.

ಬಿಚ್ಚಿದರೆ ಕಿವಿಯಿಂದ ಬಾಯಿಯವರೆಗೆ ಕೆನ್ನೆಯ ಬಾಗಿಗೆ ಸರಿಯಾಗಿ ಬರುತ್ತದೆ. ಮಾತಾಡುವುದು ನನ್ನ ಬಾಯಿ, ಕೇಳುವುದು ನನ್ನ ಕಿವಿ ಎಂದು ಗೊತ್ತಿದ್ದವನು ಮಾಡಿದ ವಸ್ತು ಅನ್ನಿಸುತ್ತದೆ. ಚಪ್ಪಟೆ ಫೋನನ್ನು ಕೆಲವರು ದೋಸೆ ತಿನ್ನುವ ಹಾಗೆ ಬಾಯಿಯ ಮುಂದೆ ಅಡ್ಡ ಹಿಡಿಯುತ್ತಾರೆ, ನೋಡಿದ್ದೀರಲ್ಲ? ಆ ಪಾಡಿಲ್ಲ. ಚಾರ್ಜು ನಾಲ್ಕು ದಿನಕ್ಕೊಮ್ಮೆ. ಊರಿಗೆ ಹೊರಟಾಗ ಚಾರ್ಜರ್ ಮರೆತೆನೆಂದು ನೆಲಮಂಗಲದಿಂದ ವಾಪಸ್ ಬಂದವನು ನಾನು. ಈಗ ಮರೆತರೆ ಮರೆತೇ ಹೋಗುತ್ತೇನೆ. ಕರೆ ಬಂದರೆ ಮುಚ್ಚಳದ ಪುಟ್ಟ ಕಿಟಕಿಯಲ್ಲಿ ಹೆಸರು ಕಾಣುತ್ತದೆ. ತೆರೆಯುವುದೋ ಬೇಡವೋ ಎಂದು ಯೋಚಿಸಲು ನಾಲ್ಕು ಗಳಿಗೆ ಸಿಗುತ್ತದೆ. ಬಾಗಿಲು ಬಡಿದವರನ್ನು ಕಿಂಡಿಯಲ್ಲಿ ನೋಡಿ ಅಗಳಿ ತೆಗೆಯುವ ಹಾಗೆ.

ದೊಡ್ಡ ಲಾಭ ಮಾತ್ರ ನನ್ನ ಗಮನಕ್ಕೆ ಬಂದದ್ದು ತಡವಾಗಿ, ಅದೂ ಬೇರೆಯವರ ಮುಖದಲ್ಲಿ. ಎದುರಿಗೆ ಯಾರಾದರೂ ಬಂದು ಕೂತಾಗ ನಾನು ಫೋನು ಮುಚ್ಚಿದರೆ ಅವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಮುಚ್ಚುವ ಸದ್ದು ಅವರಿಗೆ ‘ಹೇಳಿ, ಬಂದೆ’ ಎಂದಂತೆ ಕೇಳಿಸುತ್ತದೆ. ಚಪ್ಪಟೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರೂ ಅದು ಮಲಗಿದಂತೆ ನಟಿಸುವ ಮಗುವಿನ ಹಾಗೆ. ಎಲ್ಲರಿಗೂ ಗೊತ್ತು, ಈಗ ಏಳುತ್ತದೆ. ಮುಚ್ಚಿದ ಫೋನು ನಿದ್ದೆ ಹೋಗಿರುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಮನೆಯಾಕೆಯ ವಾದವನ್ನೂ ದಾಖಲಿಸದಿದ್ದರೆ ಇವತ್ತು ರಾತ್ರಿಯ ಊಟಕ್ಕೆ ಕಷ್ಟ. ಫೋನು ತಂದ ಮೂರನೆಯ ದಿನವೇ ಅವಳು ಕೇಳಿದಳು: ‘ಏನ್ರೀ, ನೀವು ಮಡಚಿಟ್ಟಿದ್ದೆಲ್ಲ ನನ್ನ ತಲೆ ಮೇಲೆ ಬಿಚ್ಚಿಕೊಂಡಿದೆಯಲ್ಲ?’ ನಿಜವೇ. ಅಪಾರ್ಟ್‌ಮೆಂಟಿನ ನೀರು ಯಾವಾಗ ನಿಲ್ಲುತ್ತದೆ ಎಂಬ ಗುಂಪಿನ ಸಂದೇಶ ಅವಳ ಫೋನಿಗೆ. ಗ್ಯಾಸ್ ಬುಕಿಂಗ್ ಅವಳದ್ದು. ಮದುವೆ ಮನೆಗೆ ದಾರಿ ತೋರಿಸುವ ನಕ್ಷೆ ಅವಳದ್ದು. ಬೀಗರು ಬೆಳಗ್ಗೆ ಕಳಿಸುವ ಹೂವಿನ ಚಿತ್ರವೂ ಅವಳಿಗೇ. ನನ್ನ ನೆಮ್ಮದಿಯ ಕಂತನ್ನು ಅವಳು ಕಟ್ಟುತ್ತಿದ್ದಾಳೆ. ಸಂನ್ಯಾಸಿಗೆ ಭಿಕ್ಷೆ ಹಾಕಲು ಒಬ್ಬ ಸಂಸಾರಿ ಬೇಕೇಬೇಕಲ್ಲ, ಹಾಗೆ.

ಬೀದಿಯಲ್ಲಿ ಪಜೀತಿ ಇನ್ನೂ ಹೆಚ್ಚು. ಸೊಪ್ಪಿನ ಗಾಡಿಯವಳು ಕೂಡ ತಕ್ಕಡಿಯ ಪಕ್ಕ ಕ್ಯೂಆರ್ ಹಾಳೆ ತೂಗಿಹಾಕಿ ಚಿಲ್ಲರೆ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದಾಳೆ. ನಾನು ನೂರರ ನೋಟು ಚಾಚಿದರೆ, ‘ಸ್ಕ್ಯಾನ್ ಮಾಡಿ ಅಣ್ಣ’ ಎನ್ನುತ್ತಾಳೆ. ಫೋನು ತೋರಿಸುತ್ತೇನೆ. ಮರುಮಾತಿಲ್ಲದೆ, ಕರುಣೆಯಿಂದ, ಪಕ್ಕದ ಅಂಗಡಿಗೆ ಓಡಿ ಚಿಲ್ಲರೆ ತರುತ್ತಾಳೆ. ಬಟನ್ ಫೋನಿನವರಿಗೂ ದಾರಿ ಇಲ್ಲವೆಂದಲ್ಲ. *99# ಒತ್ತಿ ಹಣ ಕಳಿಸಬಹುದು. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ನನ್ನಂಥವರಿಗೆಂದೇ ಯುಪಿಐ 123ಪೇ ಎಂಬುದನ್ನು ಶುರುಮಾಡಿದೆ. ಅದರಲ್ಲಿ ಮಿಸ್ ಕಾಲ್ ಕೊಟ್ಟು ಹಣ ಪಾವತಿಸುವ ಏರ್ಪಾಡೂ ಉಂಟು. ದುಡ್ಡು ಉಳಿಸಲೆಂದೇ ಮಿಸ್ ಕಾಲ್ ಕೊಡುತ್ತಾ ಬೆಳೆದ ದೇಶ ಅದರಿಂದಲೇ ದುಡ್ಡು ಕೊಡುವುದನ್ನೂ ಕಲಿತಿತು. ಆದರೆ ಎರಡು ಕಟ್ಟು ದಂಟಿನಸೊಪ್ಪಿಗೆ ನಾನು ಗುಂಡಿ ಒತ್ತುತ್ತಾ ನಿಂತರೆ ಹಿಂದಿನ ನಾಲ್ಕು ಜನರ ಸೊಪ್ಪು ಬಾಡುತ್ತದೆ.

ಬರೆಯುವುದು ಇನ್ನೊಂದು ತಪಸ್ಸು. ಮೂರು ಮೂರು ಅಕ್ಷರಕ್ಕೆ ಒಂದೊಂದು ಗುಂಡಿ. ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನವನಿಗೆ 160 ಅಕ್ಷರ. ಕನ್ನಡದಲ್ಲಿ ಬರೆದರೆ 70 ಮಾತ್ರ, ಏಕೆಂದರೆ ನಮ್ಮ ಲಿಪಿಯ ಒಂದೊಂದು ಗುರುತೂ ಹೆಚ್ಚು ಜಾಗ ಹಿಡಿಯುತ್ತದೆ. ಅದರಲ್ಲೂ ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಶ್ರೀ’ ಎಂದು ಭಕ್ತಿಯಿಂದ ಶುರುಮಾಡಿದರೆ ನಾಲ್ಕು ಖರ್ಚು. ‘ಸ್ತ್ರೀ’ ಎಂದರೆ ಆರು. ಹೀಗಾಗಿ ನನ್ನ ಸಂದೇಶಗಳು ಹಳೆಯ ಟೆಲಿಗ್ರಾಮಿನ ಧಾಟಿಗೆ ಬಂದಿವೆ: ‘ತಲುಪಿದೆ.’ ‘ಊಟ ಆಯ್ತು.’ ‘ಬೇಡ.’ ಮಗಳು, ‘ಅಪ್ಪ, ನಿನ್ನ ಮೆಸೇಜು ನೋಡಿದ್ರೆ ಸಿಟ್ಟಾಗಿದೀಯ ಅನ್ಸತ್ತೆ’ ಎಂದು ಫೋನ್ ಮಾಡುತ್ತಾಳೆ. ಮಾಡಲಿ ಅಂತಲೇ ಬರೆದದ್ದು. ಮೂರು ಅಕ್ಷರದಲ್ಲಿ ಮಗಳ ಧ್ವನಿ ಸಿಕ್ಕರೆ ಸೋವಿಯೇ.

ಮೊನ್ನೆ ಮೆಟ್ರೋದಲ್ಲಿ ಪಕ್ಕದ ಹುಡುಗ ಜೇಬಿನಿಂದ ಆ ಲಕ್ಷದ ಮಡಚುವ ಫೋನು ತೆಗೆದ. ಗಾಜೇ ಮಡಚುತ್ತದೆ! ನಾನು ಬಾಯಿ ತೆರೆದು ನೋಡಿದೆ. 2019ರಲ್ಲಿ ಇಂಥದ್ದನ್ನು ಮೊದಲು ತಂದಾಗ ಸ್ಯಾಮ್‌ಸಂಗಿನವರು ಯಂತ್ರದ ಕೈಯಲ್ಲಿ ಎರಡು ಲಕ್ಷ ಸಲ ಮಡಚಿಸಿ ಪರೀಕ್ಷಿಸಿದ್ದೇವೆ ಎಂದಿದ್ದರು. ದಿನಕ್ಕೆ ನೂರು ಸಲ ಮಡಚಿದರೂ ಐದು ವರ್ಷಕ್ಕೆ ಮಿಕ್ಕಿ ಬಾಳುತ್ತದೆ. ನಾನೂ ನನ್ನದನ್ನು ತೆಗೆದೆ. ಇಬ್ಬರೂ ಒಂದೇ ಕುಲದವರೆಂಬಂತೆ ನಕ್ಕೆವು. ಹುಡುಗ ತನ್ನದನ್ನು ಮುಚ್ಚಿದ. ಮುಚ್ಚಿದ್ದೇ ತಡ, ಹೊರಮೈಯ ಗಾಜು ಬೆಳಗಿತು. ಒಳಗೆ ನೋಡುತ್ತಿದ್ದುದನ್ನೇ ಅವನು ಹೊರಗೆ ಮುಂದುವರಿಸಿದ. ನನ್ನದಕ್ಕೂ ಹೊರಗೆ ಕಿಟಕಿಯಿದೆ ನಿಜ. ಆದರೆ ಕರೆ ಬಾರದಿದ್ದಾಗ ಅದರೊಳಗೆ ಕಾಣುವುದು ಗಂಟೆ ಮಾತ್ರ. ಎಷ್ಟು ಹೊತ್ತಾಯಿತು ನೋಡು, ಏಳು ಇನ್ನು ಎನ್ನುತ್ತದೆ. ಯಶವಂತಪುರದಲ್ಲಿ ನಾನಿಳಿಯುವಾಗ ಹುಡುಗ ತಲೆಯೆತ್ತಲಿಲ್ಲ.

ಅಮ್ಮನಿಗೆ ಎಂಬತ್ತನಾಲ್ಕು. ಊರಿನಲ್ಲೇ ಇದ್ದಾಳೆ. ತಂತಿಯ ಫೋನು ಹೋದ ಮೇಲೆ ತಮ್ಮ ಅವಳಿಗೊಂದು ಬಟನ್ ಫೋನು ಕೊಡಿಸಿದ್ದಾನೆ. ಹಸಿರು ಗುಂಡಿ ಗೊತ್ತು, ಕೆಂಪಿನ ಗೊಡವೆಗೆ ಹೋಗುವುದಿಲ್ಲ. ಮಾತು ಮುಗಿಯುವ ಹೊತ್ತಿಗೆ ‘ಇಡ್ಲಾ ಹಂಗಾರೆ?’ ಎಂದು ಕೇಳುತ್ತಾಳೆ. ‘ಇಡಮ್ಮ’ ಎಂದರೆ, ‘ನೀ ಇಡು’ ಎನ್ನುತ್ತಾಳೆ. ‘ನೀನೇ ಇಡು.’ ‘ಆತು.’ ಎಂದು ಹೇಳಿ ನಿಜವಾಗಿಯೂ ಇಡುತ್ತಾಳೆ, ಕಿಟಕಿಯ ದಂಡೆಯ ಮೇಲೆ. ಕೆಂಪು ಗುಂಡಿ ಒತ್ತುವುದಿಲ್ಲ. ಕನ್ನಡದ ಆ ಪದವನ್ನು ಅಕ್ಷರಶಃ ಪಾಲಿಸುತ್ತಿರುವವಳು ಬಹುಶಃ ಅವಳೊಬ್ಬಳೇ. ಆದ್ದರಿಂದ ಕಡಿಯುವ ಕೆಲಸ ಯಾವಾಗಲೂ ನನ್ನದು.

ಹೋದ ವಾರ ಹಾಗೇ ಆಯಿತು. ಊರಲ್ಲಿ ಮಳೆ ಹಿಡಿದಿತ್ತು. ಅಡಿಕೆಗೆ ಕೊಳೆ ಬಂದದ್ದು, ಕೊಟ್ಟಿಗೆ ಸೋರಿದ್ದು, ಎಲ್ಲ ಆದ ಮೇಲೆ ಅಮ್ಮ ‘ಇಡ್ಲಾ ಹಂಗಾರೆ?’ ಎಂದಳು, ಇಟ್ಟಳು. ನಾನು ಮುಚ್ಚಳಕ್ಕೆ ಹೆಬ್ಬೆರಳಿಟ್ಟಿದ್ದೆ. ಆದರೆ ಆ ಕಡೆಯಿಂದ ಹಂಚಿನ ಮೇಲೆ ಮಳೆ ಸುರಿಯುವ ಸದ್ದು ಬರುತ್ತಿತ್ತು. ದಬ್ಬೆಯಿಂದ ನೀರು ಹಂಡೆಗೆ ಬೀಳುತ್ತಿತ್ತು. ಬೆಂಗಳೂರಿನ ಹತ್ತನೆಯ ಮಹಡಿಯಲ್ಲಿ ಮಳೆಗೆ ಸದ್ದೇ ಇಲ್ಲ. ಸುಮ್ಮನೆ ಹಿಡಿದುಕೊಂಡೆ. ಒಳಗಿನಿಂದ ನೆರೆಮನೆಯಾಕೆಯ ದನಿ: ‘ಯಾರ್ದಮ್ಮ ಫೋನು?’

‘ದೊಡ್ಡ ಮಗಂದು. ಅವನ ಹತ್ರ ಒಳ್ಳೇ ಫೋನಿತ್ತು, ಈಗ ಎಂತದೋ ಡಬ್ಬಿ ಫೋನಂತೆ. ನಾಕು ಸಾವಿರದ್ದು.’ ಸ್ವಲ್ಪ ಹೊತ್ತು ಮಳೆ. ‘ಮಗಳ ಮದುವೆಗೆ ಖರ್ಚು ಜಾಸ್ತಿ ಆಗಿರ್ಬೇಕು, ಪಾಪ. ಅಂವ ಸಣ್ಣಿರುವಾಗಿಂದ್ಲೂ ಹಂಗೇ. ಕಷ್ಟ ಆದ್ರೆ ಬಾಯ್ಬಿಟ್ಟು ಹೇಳ್ಕಳದಿಲ್ಲ. ಅಡಿಕೆ ದುಡ್ಡು ಬಂದ್ಮೇಲೆ ನಾನೇ ಒಂದು ಕೊಡ್ಸಕು ಅಂತ ಇದೀನಿ.’

ಬೀಗರ ಹಾಗೆ ‘ಅಮ್ಮ, ನಾನಿನ್ನೂ ಲೈನಲ್ಲೇ ಇದೀನಿ’ ಎನ್ನಬಹುದಿತ್ತು. ಬಾಯಿ ಬರಲಿಲ್ಲ. ಟಪ್ಪೆನ್ನದ ಹಾಗೆ, ಮಲಗಿದ ಮಗುವಿರುವ ಕೋಣೆಯ ಕದವನ್ನು ಮುಂದೆ ಮಾಡುವಂತೆ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದೆ.